ಸಹಾಯ ಬೇಕು: ಒಂದೇ ವೈರಸ್, ಎರಡು ಮರಗಳಲ್ಲಿ ಎರಡು ಕಡೆ

ನಮಸ್ಕಾರ. ಹಾಸನದಲ್ಲಿ ಎಂಎಸ್ಸಿ ಮೈಕ್ರೋಬಯಾಲಜಿ ಓದುತ್ತಿದ್ದೇನೆ. ಪ್ರಾಜೆಕ್ಟ್ ಓಸಿ43 ಮೇಲೆ. 229ಇ, ಎನ್ಎಲ್63, ಎಚ್‌ಕೆಯು1 ಜೊತೆಗೆ ಮಾಮೂಲಿ ನೆಗಡಿ ತರುವ ಕೊರೊನಾ ವೈರಸ್ ಇದು.

ಜೆನ್‌ಬ್ಯಾಂಕ್ ಅನ್ನುವ ಸಾರ್ವಜನಿಕ ಜೀನ್ ಭಂಡಾರದಿಂದ ಇದರ 24 ಪೂರ್ತಿ ಜೀನೋಮ್ ಇಳಿಸಿಕೊಂಡು, ಒಂದೊಂದೂ ಸುಮಾರು 30,000 ಅಕ್ಷರ, ಮ್ಯಾಫ್ಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸಾಲಾಗಿ ಜೋಡಿಸಿ ಮರ (ಯಾವುದು ಯಾವುದಕ್ಕೆ ಹತ್ತಿರದ ನಂಟು ಅಂತ ತೋರಿಸುವ ವಂಶವೃಕ್ಷ) ಕಟ್ಟಿದೆ. ಓಸಿ43 ತಳಿಗಳನ್ನು ಎ, ಬಿ, ಸಿ, ಡಿ ಹೀಗೆ ಗುಂಪು ಮಾಡುತ್ತಾರೆ. ಸ್ಪೈಕ್ ಜೀನ್‌ನ ಮರದಲ್ಲಿ ಒಂದು ಸೀಕ್ವೆನ್ಸ್ ಬಿ ಗುಂಪಿನ ಪಕ್ಕ ಕೂತಿದೆ, ಪಾಲಿಮರೇಸ್ ಜೀನ್‌ನ ಮರದಲ್ಲಿ ಅದೇ ಸೀಕ್ವೆನ್ಸ್ ಸಿ ಜೊತೆ. ಬೂಟ್‌ಸ್ಟ್ರಾಪ್ (ಕವಲು ಎಷ್ಟು ನಂಬಬಹುದು ಅನ್ನುವ ಅಂಕ, ನೂರಕ್ಕೆ) ಎರಡು ಕಡೆಯೂ 95ಕ್ಕಿಂತ ಜಾಸ್ತಿ. ಜೋಡಣೆ ತಪ್ಪಿರಬಹುದು ಅಂತ ಮೂರು ಸಲ ಹೊಸದಾಗಿ ಮಾಡಿದೆ, ಅದೇ ಉತ್ತರ.

ಒಂದೇ ಜೀವಕೋಶಕ್ಕೆ ಎರಡು ತಳಿ ಹೊಕ್ಕಾಗ ನಕಲು ಮಾಡುವ ಕಿಣ್ವ ಅರ್ಧದಲ್ಲಿ ಒಂದು ಎಳೆ ಬಿಟ್ಟು ಇನ್ನೊಂದಕ್ಕೆ ಹಾರುತ್ತದೆ, ಅಷ್ಟು ಅರ್ಥವಾಗಿದೆ. ಆದರೆ ಡಿ ಗುಂಪೇ ಬಿ ಮತ್ತು ಸಿ ಬೆರೆತು ಹುಟ್ಟಿದ್ದು ಅಲ್ವಾ? ನಾನು ಹೋಲಿಕೆಗೆ ಡಿ ಗುಂಪಿನ ಒಂದು ಸೀಕ್ವೆನ್ಸ್ ಕೂಡ ಹಾಕಿರಲಿಲ್ಲ, ಇದು ನಿನ್ನೆ ರಾತ್ರಿ ಹೊಳೆಯಿತು. ಬೆರಕೆ ಪತ್ತೆ ಮಾಡುವ ಆರ್‌ಡಿಪಿ ಸಾಫ್ಟ್‌ವೇರ್‌ನಲ್ಲೂ ಕೆಲವು ವಿಧಾನ ಬೆರಕೆ ಹೌದು ಅನ್ನುತ್ತವೆ, ಕೆಲವು ಇಲ್ಲ. ಮುಂದಿನ ವಾರ ಗೈಡ್‌ಗೆ ತೋರಿಸಬೇಕು, ನಿಜವಾಗಿ ಕೈಕಾಲು ಆಡುತ್ತಿಲ್ಲ.

ನನ್ನ ಪ್ರಶ್ನೆ: ಇದು ಹಳೆಯ ಡಿ ಗುಂಪಿನದೇ ಸೀಕ್ವೆನ್ಸಾ, ಇಲ್ಲ ಹೊಸದಾಗಿ ಬೆರೆತದ್ದಾ ಅಂತ ಹೇಗೆ ಬೇರ್ಪಡಿಸುವುದು? ಎಳೆ ಬದಲಾದ ಜಾಗ ಡಿ ಗುಂಪಿನದಕ್ಕೆ ಹೊಂದುತ್ತದಾ ಅಂತ ನೋಡಿದರೆ ಸಾಕಾ?