ಬೆರ್ನಿನಿಯ ‘ಅಪೊಲೊ ಮತ್ತು ಡಾಫ್ನೆ’: ಇಷ್ಟು ತೆಳುವಾದ ಎಲೆಗಳನ್ನು ಕೆತ್ತಿದ್ದು ಹೇಗೆ?

ಪ್ರಶ್ನೆ:
ರೋಮ್‌ನ ಬೊರ್ಗೀಸೆ ಗ್ಯಾಲರಿಯಲ್ಲಿರುವ, ಇಟಲಿಯ ಶಿಲ್ಪಿ ಬೆರ್ನಿನಿ 1622ರಿಂದ 1625ರ ಅವಧಿಯಲ್ಲಿ ಅಮೃತಶಿಲೆಯಲ್ಲಿ ರೂಪಿಸಿದ ಈ ಶಿಲ್ಪದ ಛಾಯಾಚಿತ್ರಗಳನ್ನು ನೋಡುತ್ತಿದ್ದೇನೆ. ಗ್ರೀಕ್ ಪುರಾಣದಲ್ಲಿ ಅಪೊಲೊ ದೇವನಿಂದ ತಪ್ಪಿಸಿಕೊಳ್ಳಲು ಡಾಫ್ನೆ ಎಂಬ ವನಕನ್ಯೆ ಮರವಾಗುವ ಕಥೆ ಇದು. ಅಟ್ಟಿಸಿಕೊಂಡು ಬಂದ ಅಪೊಲೊನ ಕೈ ತಾಗುತ್ತಿದ್ದಂತೆಯೇ ಡಾಫ್ನೆಯ ಬೆರಳ ತುದಿಗಳಲ್ಲಿ ಎಲೆಗಳು ಚಿಗುರುತ್ತಿವೆ, ಕಾಲ್ಬೆರಳುಗಳು ಬೇರಾಗಿ ನೆಲಕ್ಕಿಳಿಯುತ್ತಿವೆ. ಕಲ್ಲಿನಲ್ಲಿ ಇಷ್ಟು ತೆಳುವಾದ ಎಲೆಗಳನ್ನು ಮುರಿಯದಂತೆ ಬಿಡಿಸಿದ್ದು ಹೇಗೆ? ಇಬ್ಬರೂ ಓಡುವ ಭಂಗಿಯಲ್ಲಿರುವಾಗ ಭಾರವನ್ನು ಹೊತ್ತಿರುವುದು ಯಾವುದು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಭಾರದ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅಮೃತಶಿಲೆ ಮೇಲಿನಿಂದ ಬೀಳುವ ಒತ್ತಡವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಆದರೆ ಬಾಗುವ ಸೆಳೆತಕ್ಕೆ ಬೇಗ ಮುರಿಯುತ್ತದೆ. ಆದ್ದರಿಂದಲೇ ಪ್ರಾಚೀನ ರೋಮನ್ ಶಿಲ್ಪಿಗಳು ಪ್ರತಿಮೆಯ ಕಾಲಿನ ಪಕ್ಕದಲ್ಲಿ ಮರದ ಬೊಡ್ಡೆಯೊಂದನ್ನು ಆಸರೆಗೆಂದು ಉಳಿಸುತ್ತಿದ್ದರು. ಕಥೆಗೂ ಅದಕ್ಕೂ ಎಷ್ಟೋ ಸಲ ಸಂಬಂಧವೇ ಇರುತ್ತಿರಲಿಲ್ಲ. ಬೆರ್ನಿನಿಯಲ್ಲಿ ಆ ಆಸರೆಯೇ ಕಥೆಯಾಗಿದೆ: ನೆಲದಿಂದೆದ್ದು ಡಾಫ್ನೆಯ ಮೈಯನ್ನು ಸುತ್ತುತ್ತಿರುವ ತೊಗಟೆಯೇ ಅವಳ ಭಾರವನ್ನು ಹೊತ್ತಿದೆ. ಎಲೆಗಳಿಗಿಂತ ದೊಡ್ಡ ಜಾಣ್ಮೆ ಇದೆಂದು ನನ್ನ ದೃಢವಾದ ಅಭಿಪ್ರಾಯ. ಅಪೊಲೊನ ಎಡಗೈಯನ್ನೂ ಹತ್ತಿರದಿಂದ ನೋಡಿ. ಅದು ಊರಿರುವುದು ಬಹುಪಾಲು ತೊಗಟೆಯ ಮೇಲೆ. ಹೊಸ ತೊಗಟೆಯಡಿ ಅವಳ ಎದೆ ಇನ್ನೂ ಬಡಿದುಕೊಳ್ಳುತ್ತಿರುವುದು ಅವನ ಕೈಗೆ ತಿಳಿಯಿತೆಂದು ಈ ಕಥೆಯನ್ನು ಬರೆದ ಪ್ರಾಚೀನ ರೋಮನ್ ಕವಿ ಓವಿಡ್ ಹೇಳುತ್ತಾನೆ.

ಉತ್ತರ 2:
ಎಲೆಗಳ ವಿಚಾರಕ್ಕೆ ಬಂದರೆ, ಗ್ರಾನೈಟ್‌ಗೆ ಹೋಲಿಸಿದಾಗ ಇಟಲಿಯ ಕರಾರಾ ಊರಿನ ಅಮೃತಶಿಲೆ ಮೃದುವಾದ ಕಲ್ಲು, ಕಣಗಳೂ ಸಣ್ಣವು. ತೆಳುವಾದ ಭಾಗಗಳಿಗೆ ಸುತ್ತಿಗೆಯ ಏಟು ಅಪಾಯಕಾರಿಯಾದ್ದರಿಂದ ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ರಂಧ್ರಗಳನ್ನು ಕೊರೆದು, ಅರದಿಂದ ಉಜ್ಜಿ, ಕೊನೆಗೆ ನೊರೆಗಲ್ಲಿನಿಂದ ನಯಗೊಳಿಸುತ್ತಿದ್ದರು. ಇನ್ನೊಂದು ಮಾತನ್ನು ಹೇಳಲೇಬೇಕು. ಈ ಎಲೆ, ಬೇರುಗಳ ಸೂಕ್ಷ್ಮ ಕೆಲಸದಲ್ಲಿ ಬಹುಪಾಲನ್ನು ಮಾಡಿದವನು ಬೆರ್ನಿನಿಯ ಕಾರ್ಯಾಗಾರದಲ್ಲಿದ್ದ ಜೂಲಿಯಾನೊ ಫಿನೆಲ್ಲಿ ಎಂದು ಕಲಾ ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಕಲ್ಪನೆ ಬೆರ್ನಿನಿಯದೇ ಆದರೂ ಆ ಎಲೆಗಳನ್ನು ಮೆಚ್ಚುವಾಗ ಫಿನೆಲ್ಲಿಯ ಹೆಸರನ್ನು ಬಿಡುವುದು ನ್ಯಾಯವಲ್ಲ.

ಉತ್ತರ 3:
ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಅದೇ ಗ್ಯಾಲರಿಯಲ್ಲಿ ಬೆರ್ನಿನಿಯ 1621–22ರ ‘ಪ್ಲೂಟೊ ಮತ್ತು ಪ್ರಾಸರ್ಪಿನಾ’ ಇದೆ; ಪಾತಾಳದ ದೊರೆ ಪ್ಲೂಟೊ ಪ್ರಾಸರ್ಪಿನಾಳನ್ನು ಹೊತ್ತೊಯ್ಯುವ ಶಿಲ್ಪವದು. ಪ್ಲೂಟೊನ ಬೆರಳುಗಳು ಅವಳ ತೊಡೆಯಲ್ಲಿ ಹೂತು ಮಾಂಸ ಉಬ್ಬಿರುವುದನ್ನೂ ಅವಳ ಕೆನ್ನೆಯ ಮೇಲಿನ ಕಣ್ಣೀರ ಹನಿಯನ್ನೂ ಗಮನಿಸಿ. ಆಗ ಶಿಲ್ಪಿಗೆ ಇಪ್ಪತ್ಮೂರರ ಆಸುಪಾಸಿನ ವಯಸ್ಸು. ಎರಡೂ ಶಿಲ್ಪಗಳನ್ನು ಮಾಡಿಸಿದವನು ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನ ಉನ್ನತ ಧರ್ಮಾಧಿಕಾರಿ) ಶಿಪಿಯೋನೆ ಬೊರ್ಗೀಸೆ. ‘ಅಪೊಲೊ ಮತ್ತು ಡಾಫ್ನೆ’ಯ ಛಾಯಾಚಿತ್ರಗಳನ್ನು ಹುಡುಕುವಾಗ ಒಂದೇ ಕೋನಕ್ಕೆ ನಿಲ್ಲದೆ, ಅಪೊಲೊನ ಬೆನ್ನ ಹಿಂದಿನಿಂದ ತೆಗೆದವನ್ನೂ ನೋಡಿ. ಅಲ್ಲಿಂದ ಮುಂದಕ್ಕೆ ಸರಿದಂತೆಲ್ಲ ಹೆಣ್ಣು ಮರವಾಗುವ ಹಂತಗಳು ಒಂದೊಂದಾಗಿ ಕಾಣಿಸುತ್ತವೆ.