ಪ್ರೌಢಶಾಲೆಯ ಒಳಗೆ ಪೊಲೀಸರಿದ್ದರೆ ಮಕ್ಕಳಿಗೆ ನಿಜವಾಗಿಯೂ ರಕ್ಷಣೆಯೇ?

ಪ್ರಶ್ನೆ (ಪೋಷಕರು, ಮಂಡ್ಯ):
ನನ್ನ ಮಗ ಓದುತ್ತಿರುವ ಪ್ರೌಢಶಾಲೆಯ ಗೇಟಿನ ಬಳಿ ಸಂಜೆ ಹೊತ್ತು ಹೊರಗಿನ ಹುಡುಗರು ಬೈಕಿನಲ್ಲಿ ಬಂದು ಹೆಣ್ಣುಮಕ್ಕಳನ್ನು ಚುಡಾಯಿಸುವುದು, ಅದನ್ನು ಕೇಳಲು ಹೋದ ಹತ್ತನೇ ತರಗತಿಯವರೊಂದಿಗೆ ಕೈಕೈ ಮಿಲಾಯಿಸುವುದು ಹೆಚ್ಚಾಗಿದೆ. ಅಮೆರಿಕದಲ್ಲಿರುವಂತೆ ಶಾಲೆಯೊಳಗೇ ದಿನವಿಡೀ ಒಬ್ಬ ಪೊಲೀಸರನ್ನು ನಿಯೋಜಿಸಬೇಕೆಂದು ಎಸ್‌ಪಿ ಕಚೇರಿಗೆ ಮನವಿ ಸಿದ್ಧವಾಗುತ್ತಿದೆ. ನಾನು ಸಹಿ ಹಾಕಬೇಕೇ?

ಉತ್ತರ (ಉಪನ್ಯಾಸಕರು, ಮೈಸೂರು):
ಅಮೆರಿಕದಲ್ಲಿ ಈ ಪದ್ಧತಿ 1950ರ ದಶಕದಿಂದಲೂ ಇದೆ. 1999ರಲ್ಲಿ ಕೊಲಂಬೈನ್ ಪ್ರೌಢಶಾಲೆಯಲ್ಲಿ ಗುಂಡು ಹಾರಿಸಿ ನಡೆಸಿದ ಹತ್ಯಾಕಾಂಡದ ನಂತರ ಅದು ವ್ಯಾಪಕವಾಯಿತು. ಆದರೆ ಕೊಲಂಬೈನ್ ಶಾಲೆಗೂ ಒಬ್ಬ ಸಶಸ್ತ್ರ ಅಧಿಕಾರಿ ನಿಯೋಜಿತರಾಗಿದ್ದರು ಎಂಬುದನ್ನು ಯಾರೂ ನೆನೆಯುವುದಿಲ್ಲ. 2018ರಲ್ಲಿ ಪಾರ್ಕ್‌ಲ್ಯಾಂಡ್‌ನಲ್ಲಿ ಶಾಲೆಯೊಂದರಲ್ಲಿ ಗುಂಡೇಟಿಗೆ 17 ಜನ ಸಾಯುತ್ತಿದ್ದಾಗ ಅಲ್ಲಿಗೆ ನಿಯೋಜಿತರಾಗಿದ್ದ ಪೊಲೀಸ್ ಅಧಿಕಾರಿ ಕಟ್ಟಡದ ಹೊರಗೇ ನಿಂತಿದ್ದರು. 2022ರಲ್ಲಿ ಯುವಾಲ್ಡಿಯ ಶಾಲೆಗೆ ಬಂದೂಕುಧಾರಿ ನುಗ್ಗಿದಾಗ ಪೊಲೀಸರು ದಂಡಿಯಾಗಿ ಬಂದಿದ್ದರೂ ಒಂದು ಗಂಟೆಗೂ ಹೆಚ್ಚು ಕಾಲ ಹಂತಕನನ್ನು ಎದುರಿಸಲಿಲ್ಲ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಬಲಿಯಾದರು. ನಮ್ಮಲ್ಲಿ ಬಂದೂಕಿನ ಸಮಸ್ಯೆಯಿಲ್ಲ, ನಿಜ. ನಮಗೆ ಅನ್ವಯಿಸುವ ಅಂಶ ಬೇರೆಯೇ ಇದೆ: ಅಲ್ಲಿನ ಅಧ್ಯಯನಗಳ ಪ್ರಕಾರ ಪೊಲೀಸರಿರುವ ಶಾಲೆಗಳಲ್ಲಿ ಹೊಡೆದಾಟ ಸ್ವಲ್ಪ ತಗ್ಗುತ್ತದೆಯಾದರೂ ಅಮಾನತು ಮತ್ತು ಬಂಧನಗಳು ಹೆಚ್ಚುತ್ತವೆ, ಅದರ ಪೆಟ್ಟು ಕಪ್ಪು ಮಕ್ಕಳ ಮೇಲೆ ಹೆಚ್ಚು ಬೀಳುತ್ತದೆ. ಮಂಡ್ಯದಲ್ಲಿ ಆ ಪೆಟ್ಟು ಯಾರ ಮನೆಯ ಮಕ್ಕಳಿಗೆ ಬೀಳಬಹುದೆಂದು ಊಹಿಸುವುದು ಕಷ್ಟವಲ್ಲ.

ಉತ್ತರ (ನಿವೃತ್ತ ಎಎಸ್‌ಐ, ಮಂಡ್ಯ):
ಮಾನ್ಯರು ಹೇಳಿದ್ದರಲ್ಲಿ ಅರ್ಧವನ್ನು ಒಪ್ಪುತ್ತೇನೆ. ಗೇಟಿನ ಬಳಿ ಪೊಲೀಸರು ಬೇಕೇ ಬೇಕು. ಶಾಲೆ ಬಿಡುವ ಹೊತ್ತಿಗೆ ಬೀಟ್ ಸಿಬ್ಬಂದಿ ಬಂದು ನಿಂತರೆ ಬೈಕಿನವರು ತಾವಾಗಿಯೇ ಜಾಗ ಖಾಲಿ ಮಾಡುತ್ತಾರೆ. ಒಳಗಿನ ಮಾತು ಬೇರೆ. 2015ರ ಬಾಲನ್ಯಾಯ ಕಾಯ್ದೆಯಂತೆ ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಮಕ್ಕಳನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಮಗುವಿನ ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಖಾಕಿ ಕಂಡರೆ ಮಗು ಬಾಯಿ ಬಿಡುವುದಿಲ್ಲವೆಂದು ಕಾನೂನೇ ಒಪ್ಪಿಕೊಂಡಿರುವಾಗ, ಅದೇ ಖಾಕಿಯನ್ನು ದಿನವಿಡೀ ಕಾರಿಡಾರಿನಲ್ಲಿ ನಿಲ್ಲಿಸುವುದೇಕೆ? ಬೆಂಚಿನ ಜಗಳವೂ ಠಾಣೆ ಮೆಟ್ಟಿಲೇರುತ್ತದೆ, ಅಷ್ಟೆ.

ಉತ್ತರ (ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು):
ನಾನಿದ್ದ ಶಾಲೆಗೆ ಒಮ್ಮೆ ಮಹಿಳಾ ಪಿಎಸ್‌ಐ ಒಬ್ಬರು ಅರಿವು ಕಾರ್ಯಕ್ರಮಕ್ಕೆ ಬಂದು, ಬಹಳ ಅಕ್ಕರೆಯಿಂದಲೇ, ಯಾರಿಗಾದರೂ ತೊಂದರೆ ಇದೆಯೇ ಎಂದು ಕೇಳಿದರು. ಕೈಕಟ್ಟಿ ಕುಳಿತಿದ್ದ ಸಾಲುಗಳಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಅವರ ಜೀಪು ಹೋದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಹಿಂದಿರುಗಿಸುವ ನೆಪದಲ್ಲಿ ಗ್ರಂಥಾಲಯಕ್ಕೆ ಬಂದು, ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ತನ್ನನ್ನು ಕರೆತರುವ ಆಟೊ ಚಾಲಕನ ವಿಷಯ ಹೇಳಿದಳು. ಅಂಥ ಮಾತು ತಿಳಿದ ಮೇಲೆ ದೂರು ಕೊಡುವುದು ಪೋಕ್ಸೊ ಪ್ರಕಾರ ನಮ್ಮ ಕರ್ತವ್ಯ. ಪೊಲೀಸರು ಆಗ ಬಂದರು, ಮಫ್ತಿಯಲ್ಲಿ, ಆಕೆಯ ಮನೆಗೆ. ಮಕ್ಕಳು ನಂಬುವ ಒಬ್ಬ ಆಪ್ತಸಮಾಲೋಚಕಿಯನ್ನು ಕೇಳಿ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಹೆಣ್ಣುಮಕ್ಕಳ ಶೌಚಾಲಯದ ಗೋಡೆಯ ಮೇಲೂ ಬರೆಸಿ. ಮುಖ್ಯ ಶಿಕ್ಷಕರ ಕೊಠಡಿಯ ಎದುರು ನಿಂತು ಅದನ್ನು ಬರೆದುಕೊಳ್ಳುವ ಧೈರ್ಯ ಯಾವ ಮಗುವಿಗಿದೆ?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಶಾಲೆಯೊಳಗಿನ ನಿಯೋಜನೆ ಎಂಬುದನ್ನು ತೆಗೆದು, ಸಂಜೆಯ ಬೀಟ್ ಮತ್ತು ಗೇಟಿನೆದುರೇ ಬೀಡಿ, ಸಿಗರೇಟು ಮಾರುವ ಅಂಗಡಿಯ ತೆರವು ಎಂದು ಬರೆಯಲು ಸಭೆಯಲ್ಲಿ ಒತ್ತಾಯಿಸುತ್ತೇನೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಾಟಕ್ಕೆ ಹೇಗೂ ನಿಷೇಧವಿದೆ. ಹಳ್ಳಿಯ ಹೆಣ್ಣುಮಕ್ಕಳು ಬಸ್ಸಿಗಾಗಿ ಕತ್ತಲಾಗುವವರೆಗೆ ಅಲ್ಲೇ ಕಾಯಬೇಕಾಗಿರುವುದೂ ತೊಂದರೆಯ ಮೂಲವೇ. ಬಸ್ಸಿನ ಸಮಯ ಬದಲಿಸಲು ಡಿಪೊ ವ್ಯವಸ್ಥಾಪಕರಿಗೆ ಬೇರೆ ಅರ್ಜಿ ಕೊಡಬೇಕೇ, ಅಥವಾ ಬಿಇಒ ಮೂಲಕವೇ ಹೋಗಬೇಕೇ?