ಆನ್‌ಲೈನ್‌ನಲ್ಲಿ ತೋರಾ ಪಠಣ: ಸ್ವರ ತುಂಡಾಗುತ್ತಿದೆ

ಪ್ರಶ್ನೆ: ಬಾರ್ ಮಿಟ್ಜ್ವಾಗೆ (ಯಹೂದಿ ಹುಡುಗರು ಹದಿಮೂರನೇ ವಯಸ್ಸಿಗೆ ಧಾರ್ಮಿಕ ಹೊಣೆ ಹೊರುವ ಸಮಾರಂಭ) ಸಿದ್ಧರಾಗುವ ಮಕ್ಕಳಿಗೆ ಝೂಮ್‌ನಲ್ಲಿ ತೋರಾ (ಯಹೂದಿ ಧರ್ಮಗ್ರಂಥ) ಪಠಣ ಕಲಿಸುವಾಗ ಎಳೆದು ಹಾಡುವ ಸ್ವರಗಳು ನಡುವೆ ಮಾಯವಾಗುತ್ತವೆ. ಒಟ್ಟಿಗೆ ಹೇಳಿಸಿದರೆ ಬರೀ ಗೊಂದಲ. ಏನು ಮಾಡಬೇಕು?

ಉತ್ತರ 1: ಗದ್ದಲ ತಗ್ಗಿಸುವ ವ್ಯವಸ್ಥೆ ದೀರ್ಘ ಸ್ವರವನ್ನೂ ಗದ್ದಲವೆಂದೇ ಅಳಿಸುತ್ತದೆ. ಆಡಿಯೋ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಿ. ಎಲ್ಲರಿಗೂ ಇಯರ್‌ಫೋನ್ ಕಡ್ಡಾಯ, ಇಲ್ಲವಾದರೆ ಪ್ರತಿಧ್ವನಿ. ಧ್ವನಿ ತಡವಾಗಿ ತಲುಪುವುದರಿಂದ ಒಕ್ಕೊರಲಿನ ಪಠಣ ಸಾಧ್ಯವೇ ಇಲ್ಲ. ವಚನವನ್ನು ಎತ್ನಾಖ್ತಾ ಚಿಹ್ನೆಯವರೆಗೆ (ವಚನದ ನಡುವಿನ ಮುಖ್ಯ ನಿಲುಗಡೆಯ ರಾಗಚಿಹ್ನೆ) ನೀವು ಹೇಳಿ, ಒಬ್ಬರಿಂದ ಹೇಳಿಸಿ. ಉಳಿದವರು ಮ್ಯೂಟ್‌ನಲ್ಲಿ ಹೇಳಿಕೊಳ್ಳಲಿ.

ಉತ್ತರ 2: ಯಹೂದಿ ಗ್ರಂಥಗಳ ಜಾಲತಾಣ ಸೆಫಾರಿಯಾದಲ್ಲಿ ಪಠ್ಯ ಉಚಿತ. ಸಮಾರಂಭದಲ್ಲಿ ಓದುವ ತೋರಾ ಸುರುಳಿಯಲ್ಲಿ ಸ್ವರಾಕ್ಷರದ ಚಿಹ್ನೆಯೂ ರಾಗಚಿಹ್ನೆಯೂ ಇರುವುದಿಲ್ಲವಲ್ಲ, ಕೊನೆಯ ವಾರಗಳಲ್ಲಿ ಸೆಫಾರಿಯಾದಲ್ಲಿ ಎರಡನ್ನೂ ಆಫ್ ಮಾಡಿ ಓದಿಸಿ.

ಉತ್ತರ 3: ಮಕ್ಕಳು ಅಭ್ಯಾಸದ ರೆಕಾರ್ಡಿಂಗ್ ಒಪ್ಪಿಸುವ ಗಡುವು ಗುರುವಾರವಿರಲಿ. ಶಬ್ಬಾತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ಪಾಲಿಸುವ ಮನೆಗಳಲ್ಲಿ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಫೋನ್ ಮುಟ್ಟುವುದಿಲ್ಲ.